ಹೆರಿಗೆ ಆರೈಕೆ ಕುರಿತು ತಾಯಂದಿರ ತೃಪ್ತಿ: ಅಳೆಯುವ ಬಗೆ ಹಾಗೂ ಗ್ರಾಮ ಪಂಚಾಯಿತಿಯ ಪಾತ್ರ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಹೆರಿಗೆಯಾಗಿ ಮನೆಗೆ ಮರಳಿದ ತಾಯಿಯನ್ನು "ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡಿಕೊಂಡರೇ?" ಎಂದು ಕೇಳಿದರೆ ಸಾಮಾನ್ಯವಾಗಿ "ಹೂಂ, ಚೆನ್ನಾಗಿಯೇ ನೋಡಿಕೊಂಡರು" ಎಂಬ ಉತ್ತರ ಬರುತ್ತದೆ. ಅದೇ ತಾಯಿಯನ್ನು "ನೋವು ಬಂದಾಗ ಪಕ್ಕದಲ್ಲಿ ಯಾರಿದ್ದರು?", "ಯಾರಾದರೂ ಗದರಿದರೇ?", "ಯಾರ ಕೈಗಾದರೂ ಹಣ ಕೊಡಬೇಕಾಯಿತೇ?" ಎಂದು ಒಂದೊಂದಾಗಿ ಕೇಳಿದರೆ ಬೇರೆಯೇ ಚಿತ್ರ ಹೊರಬರುವುದುಂಟು. ತಾಯಿ ಎರಡು ಸಲವೂ ಸುಳ್ಳು ಹೇಳಿರುವುದಿಲ್ಲ. ಮೊದಲನೆಯ ಪ್ರಶ್ನೆ ಅವಳ ಮನಸ್ಸಿನ ಸಮಾಧಾನವನ್ನು ಕೇಳಿತು. ಎರಡನೆಯ ಬಗೆಯ ಪ್ರಶ್ನೆಗಳು ನಡೆದ ಸಂಗತಿಯನ್ನು ಕೇಳಿದವು.

ಈ ಎರಡರ ನಡುವಿನ ಅಂತರವೇ ಈ ಪಾಠದ ವಿಷಯ. ಸರ್ಕಾರಿ ವರದಿಗಳಲ್ಲಿ ಕಾಣುವ "ತೃಪ್ತಿಯ ಶೇಕಡಾವಾರು" ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಯಾವ ತಾಯಂದಿರು ಆ ಲೆಕ್ಕದಿಂದಲೇ ಹೊರಗುಳಿಯುತ್ತಾರೆ, ತನ್ನ ವ್ಯಾಪ್ತಿಯ ತಾಯಂದಿರ ಅನುಭವವನ್ನು ಗ್ರಾಮ ಪಂಚಾಯಿತಿ ಸರಿಯಾಗಿ ತಿಳಿದುಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಎಲ್ಲಿ ಹೆರಿಗೆ ಎಂಬುದರಿಂದ ಹೇಗೆ ಹೆರಿಗೆ ಎಂಬುದರ ಕಡೆಗೆ

ಒಂದು ತಲೆಮಾರಿನ ಹಿಂದೆ ಆರೋಗ್ಯ ಇಲಾಖೆಯ ಮುಂದಿದ್ದ ಮುಖ್ಯ ಪ್ರಶ್ನೆ, ಗರ್ಭಿಣಿಯರನ್ನು ಆಸ್ಪತ್ರೆಗೆ ತಲುಪಿಸುವುದು ಹೇಗೆ ಎಂಬುದು. 2005ರಲ್ಲಿ ಆರಂಭವಾದ ಜನನಿ ಸುರಕ್ಷಾ ಯೋಜನೆ ಆಸ್ಪತ್ರೆಯಲ್ಲಿ ಹೆರಿಗೆಯಾಗುವ ಬಡ ತಾಯಂದಿರಿಗೆ ನಗದು ನೆರವು ನೀಡಿತು. 2011ರ ಜೂನ್‌ನಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಸರ್ಕಾರಿ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆ, ಸಿಸೇರಿಯನ್ ಶಸ್ತ್ರಚಿಕಿತ್ಸೆ, ಔಷಧಿ, ಪರೀಕ್ಷೆ, ರಕ್ತ, ಊಟ ಮತ್ತು ವಾಹನ ಸೌಲಭ್ಯವನ್ನು ಸಂಪೂರ್ಣ ಉಚಿತವೆಂದು ಸಾರಿತು. ಸಹಜ ಹೆರಿಗೆಯಾದವರಿಗೆ 3 ದಿನ, ಸಿಸೇರಿಯನ್ ಆದವರಿಗೆ 7 ದಿನ ಉಚಿತ ಊಟ ಈ ಕಾರ್ಯಕ್ರಮದ ಭಾಗವಾಗಿದೆ. 108 ಆಂಬುಲೆನ್ಸ್, ಆಶಾ ಕಾರ್ಯಕರ್ತೆಯರ ಓಡಾಟ, ತಾಯಿ ಕಾರ್ಡ್ ಇವೆಲ್ಲ ಸೇರಿ ಫಲ ನೀಡಿದವು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ. 97ರಷ್ಟು ಆಸ್ಪತ್ರೆಗಳಲ್ಲಿ ಆಗಿವೆ. ಒಂದು ಲಕ್ಷ ಜೀವಂತ ಜನನಗಳಿಗೆ ರಾಜ್ಯದ ತಾಯಿ ಮರಣ ಪ್ರಮಾಣ 2014–16ರಲ್ಲಿ 108 ಇದ್ದುದು 2018–20ರಲ್ಲಿ 69ಕ್ಕೆ ಇಳಿಯಿತು. ಆ ಅವಧಿಯ ರಾಷ್ಟ್ರೀಯ ಪ್ರಮಾಣ 97 ಆಗಿತ್ತು.

ಇದು ಸಣ್ಣ ಸಾಧನೆಯಲ್ಲ. ಆದರೆ ನೂರಕ್ಕೆ ತೊಂಬತ್ತೇಳು ತಾಯಂದಿರು ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಕೇಳಬೇಕಾದ ಪ್ರಶ್ನೆ ಬದಲಾಗುತ್ತದೆ. ಬಾಗಿಲಿನ ಒಳಗೆ ಅವರಿಗೆ ಸಿಗುತ್ತಿರುವ ಆರೈಕೆ ಎಂಥದು? ಅಲ್ಲಿ ಅವರ ಮಾನ ಉಳಿಯುತ್ತಿದೆಯೇ?

ಈ ಪ್ರಶ್ನೆಯನ್ನು ಪ್ರಾಣ ಉಳಿಸುವ ಕೆಲಸದಿಂದ ಬೇರ್ಪಡಿಸಲು ಬಾರದು. ತಾಯಂದಿರ ಮರಣಕ್ಕೆ ಕಾರಣವಾಗುವ ವಿಳಂಬಗಳನ್ನು ತಜ್ಞರು ಮೂರು ಬಗೆಯಾಗಿ ವಿಂಗಡಿಸುತ್ತಾರೆ: ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿನ ವಿಳಂಬ, ಆಸ್ಪತ್ರೆಯನ್ನು ತಲುಪುವಲ್ಲಿನ ವಿಳಂಬ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿನ ವಿಳಂಬ. ಮೊದಲ ಹೆರಿಗೆಯಲ್ಲಿ ಬೈಗುಳ ಕೇಳಿದ ತಾಯಿ ಎರಡನೆಯ ಸಲ ನೋವು ಹೆಚ್ಚಾಗುವವರೆಗೆ ಮನೆಯಲ್ಲೇ ಕಾಯಬಹುದು. ಅವಳ ಮಾತನ್ನು ಕೇಳಿದ ನೆರೆಮನೆಯ ಗರ್ಭಿಣಿಯೂ ಹಿಂಜರಿಯಬಹುದು. ರಕ್ತಸ್ರಾವ ಆರಂಭವಾದಾಗ ಅಥವಾ ರಕ್ತದೊತ್ತಡ ಏರಿದಾಗ ಇಂತಹ ಒಂದೆರಡು ಗಂಟೆಗಳ ಹಿಂಜರಿಕೆಯೂ ಪ್ರಾಣಕ್ಕೆ ಎರವಾಗುತ್ತದೆ.

2. ಈಗಿರುವ ಸರ್ಕಾರಿ ಅಳತೆ

ತಾಯಂದಿರ ಅಭಿಪ್ರಾಯವನ್ನು ಕೇಳಬೇಕೆಂಬ ನಿಯಮ ಈಗಾಗಲೇ ಇದೆ. ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ "ಮೇರಾ ಅಸ್ಪತಾಲ್" ಅಂದರೆ "ನನ್ನ ಆಸ್ಪತ್ರೆ" ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಇದರಲ್ಲಿ ರೋಗಿಗಳ ಅನಿಸಿಕೆಯನ್ನು ಮೊಬೈಲ್ ಸಂದೇಶ, ದೂರವಾಣಿ ಕರೆ, ಆ್ಯಪ್ ಮುಂತಾದವುಗಳ ಮೂಲಕ ಸಂಗ್ರಹಿಸಲಾಗುತ್ತದೆ. 2017ರ ಡಿಸೆಂಬರ್‌ನಲ್ಲಿ ಹೆರಿಗೆ ಕೋಣೆ ಹಾಗೂ ಹೆರಿಗೆ ಶಸ್ತ್ರಚಿಕಿತ್ಸಾ ಕೊಠಡಿಗಳ ಗುಣಮಟ್ಟ ಸುಧಾರಣೆಗಾಗಿ "ಲಕ್ಷ್ಯ" ಕಾರ್ಯಕ್ರಮ ಜಾರಿಗೆ ಬಂದಿತು. ಪ್ರಮಾಣೀಕರಣಕ್ಕೆ ಗುಣಮಟ್ಟದ ಮೌಲ್ಯಮಾಪನದಲ್ಲಿ ಕನಿಷ್ಠ ಶೇ. 70 ಅಂಕ ಗಳಿಸಬೇಕು. ಇದರೊಂದಿಗೆ ಶೇ. 80ರಷ್ಟು ಫಲಾನುಭವಿಗಳು "ತೃಪ್ತರು" ಅಥವಾ "ಅತ್ಯಂತ ತೃಪ್ತರು" ಎಂದು ಹೇಳಬೇಕೆಂಬ ಗುರಿಯನ್ನೂ ಕಾರ್ಯಕ್ರಮ ಇಟ್ಟುಕೊಂಡಿದೆ.

ಆಸ್ಪತ್ರೆಯ ಗುಣಮಟ್ಟವನ್ನು ನಿರ್ಣಯಿಸುವಾಗ ತಾಯಿಯ ಮಾತಿಗೆ ಅಧಿಕೃತ ಸ್ಥಾನ ದೊರೆತದ್ದು ಸ್ವಾಗತಾರ್ಹ. ಆದರೆ ಯಾವುದೇ ಅಂಕಿ ಗುರಿಯಾಗಿ ಮಾರ್ಪಟ್ಟಾಗ ಅದನ್ನು ತಲುಪುವ ಆತುರವೂ ಹುಟ್ಟುತ್ತದೆ. ಆದ್ದರಿಂದ ಶೇ. 80 ಅಥವಾ ಶೇ. 90 ಎಂಬ ಅಂಕಿ ಸಭೆಯ ಮುಂದೆ ಬಂದಾಗ ಸದಸ್ಯರು ಅದನ್ನು ಅರ್ಥೈಸಲು ಕಲಿಯಬೇಕಾಗುತ್ತದೆ.

3. ತೃಪ್ತಿಯ ಅಂಕಿ ಏಕೆ ದೊಡ್ಡದಾಗಿ ಕಾಣುತ್ತದೆ

ಮೊದಲನೆಯದು ನೆಮ್ಮದಿ. ಹೆರಿಗೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ತಾನೂ ಮಗುವೂ ಉಳಿದೆವೆಂಬ ಸಮಾಧಾನದಲ್ಲಿ ಉಳಿದ ಕಷ್ಟಗಳೆಲ್ಲ ಚಿಕ್ಕದಾಗಿ ಕಾಣುತ್ತವೆ. ಬಿಡುಗಡೆಯ ದಿನ ಕೇಳಿದರೆ ಈ ನೆಮ್ಮದಿಯೇ ಉತ್ತರವಾಗಿ ಬರುತ್ತದೆ.

ಎರಡನೆಯದು ಕಡಿಮೆ ನಿರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಗದರುವುದು, ಕಾಯಿಸುವುದು, ಆಯಾಗಳಿಗೆ "ಖುಷಿಗೆ" ಹಣ ಕೊಡುವುದು ಇದ್ದದ್ದೇ ಎಂದು ನಂಬಿರುವವಳಿಗೆ ಅವು ದೂರೆನಿಸುವುದಿಲ್ಲ. ಹೊಡೆತ ಬೀಳಲಿಲ್ಲವೆಂಬುದೇ ಅವಳಿಗೆ ಒಳ್ಳೆಯ ಆರೈಕೆಯಾಗಿ ತೋರಬಹುದು. ತನಗೆ ಸಲ್ಲಬೇಕಾದ್ದೇನು ಎಂದು ತಿಳಿಯದವರ ತೃಪ್ತಿ ಯಾವಾಗಲೂ ಹೆಚ್ಚಾಗಿಯೇ ಇರುತ್ತದೆ. ತಿಳಿವಳಿಕೆ ಬೆಳೆದ ವರ್ಷ ತೃಪ್ತಿಯ ಅಂಕಿ ಕೊಂಚ ಇಳಿದರೆ ಅದು ಆಸ್ಪತ್ರೆ ಕೆಟ್ಟಿದೆ ಎಂಬುದರ ಸೂಚನೆಯೇ ಆಗಬೇಕೆಂದಿಲ್ಲ.

ಮೂರನೆಯದು ಅಳುಕು. ಆಸ್ಪತ್ರೆಯ ಹಾಸಿಗೆಯ ಮೇಲಿರುವಾಗ, ಅಲ್ಲಿಯ ಸಿಬ್ಬಂದಿಯೇ ಕೇಳುವಾಗ, ಮಗುವಿನ ಚುಚ್ಚುಮದ್ದಿಗೆ ಮತ್ತೆ ಅಲ್ಲಿಗೇ ಬರಬೇಕಾಗಿರುವಾಗ ಯಾರೂ ಮನಬಿಚ್ಚಿ ಮಾತನಾಡುವುದಿಲ್ಲ.

ನಾಲ್ಕನೆಯದು, ತಾಯಿಗೆ ಗೊತ್ತಾಗಲು ಸಾಧ್ಯವಿಲ್ಲದ ಸಂಗತಿಗಳು. ಇದಕ್ಕೆ ಕರ್ನಾಟಕದ್ದೇ ನಿದರ್ಶನವಿದೆ. ವಿಶ್ವ ಆರೋಗ್ಯ ಸಂಸ್ಥೆಯ "ಸುರಕ್ಷಿತ ಹೆರಿಗೆ ಪರಿಶೀಲನಾ ಪಟ್ಟಿ"ಯನ್ನು 2010ರಲ್ಲಿ ರಾಜ್ಯದ ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರವೊಂದರಲ್ಲಿ ಪ್ರಯೋಗಿಸಲಾಯಿತು. ಪ್ರತಿ ಹೆರಿಗೆಯಲ್ಲಿ ನಡೆಯಬೇಕಾದ 29 ಕ್ರಮಗಳನ್ನು ವೀಕ್ಷಕರು ಎಣಿಸಿದರು. ಪಟ್ಟಿ ಬರುವ ಮೊದಲು ಅವುಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದವು; ಪಟ್ಟಿ ಬಳಕೆಗೆ ಬಂದ ಮೇಲೆ ಆ ಸಂಖ್ಯೆ 25ಕ್ಕೆ ಏರಿತು. ಕೈ ತೊಳೆದು ಕೈಗವಸು ಹಾಕಿಕೊಂಡರೇ, ಬೇಕಾದ ಔಷಧಿಯನ್ನು ಸಕಾಲದಲ್ಲಿ ಕೊಟ್ಟರೇ ಎಂಬಂತಹ ಕ್ರಮಗಳನ್ನು ನೋವಿನಲ್ಲಿರುವ ತಾಯಿ ಲೆಕ್ಕವಿಡಲಾರಳು. ಹತ್ತೇ ಕ್ರಮಗಳು ನಡೆದ ಹೆರಿಗೆಯ ಬಗ್ಗೆಯೂ ಅವಳು ತೃಪ್ತಿ ಸೂಚಿಸಬಹುದು. ಆದ್ದರಿಂದ ತೃಪ್ತಿಯ ಅಳತೆ ವೈದ್ಯಕೀಯ ತಪಾಸಣೆಗೆ ಬದಲಿಯಾಗಲಾರದು. ಹಾಗೆಯೇ ಮರ್ಯಾದೆ, ಒಪ್ಪಿಗೆ, ಭಯ, ಒಂಟಿತನ ಇವುಗಳ ಬಗ್ಗೆ ತಾಯಿಗಿಂತ ಸರಿಯಾಗಿ ಸಾಕ್ಷಿ ನುಡಿಯಬಲ್ಲವರೂ ಇನ್ನೊಬ್ಬರಿಲ್ಲ. ಇವನ್ನು ತಿಳಿಯಲು ಅವಳನ್ನೇ ಕೇಳಬೇಕು.

4. ಲೆಕ್ಕಕ್ಕೆ ಸಿಗದ ತಾಯಂದಿರು

ಐದನೆಯ ಕಾರಣ ಎಲ್ಲಕ್ಕಿಂತ ಗಂಭೀರವಾದುದು. ತೃಪ್ತಿಯ ನಮೂನೆಯನ್ನು ಆಸ್ಪತ್ರೆಯಿಂದ ಬಿಡುಗಡೆಯಾದವರಿಂದ ತುಂಬಿಸಲಾಗುತ್ತದೆ. ದಾಖಲಾಗದೆ ಮರಳಿದವರು, ಆಂಬುಲೆನ್ಸಿನಲ್ಲೇ ಹೆತ್ತವರು, ಬೇರೆ ಆಸ್ಪತ್ರೆಗೆ ಕಳುಹಿಸಲ್ಪಟ್ಟವರು, ಮಗುವನ್ನು ಕಳೆದುಕೊಂಡವರು, ತಾವೇ ತೀರಿಕೊಂಡವರು ಆ ನಮೂನೆಯಲ್ಲಿ ಇರುವುದಿಲ್ಲ.

2022ರ ನವೆಂಬರ್ ಆರಂಭದಲ್ಲಿ ತುಮಕೂರಿನಲ್ಲಿ ನಡೆದ ಘಟನೆ ಇದಕ್ಕೆ ನೋವಿನ ಉದಾಹರಣೆ. ನೆರೆರಾಜ್ಯದಿಂದ ಬಂದು ನೆಲೆಸಿದ್ದ ಬಡ ಗರ್ಭಿಣಿಯೊಬ್ಬರು ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಹೋದಾಗ ತಾಯಿ ಕಾರ್ಡ್ ಮತ್ತು ಆಧಾರ್ ಇಲ್ಲವೆಂಬ ಕಾರಣಕ್ಕೆ ದಾಖಲಿಸಿಕೊಳ್ಳಲಿಲ್ಲವೆಂದು ವರದಿಯಾಯಿತು. ಮನೆಗೆ ಮರಳಿದ ಆಕೆ ಹೆರಿಗೆಯ ವೇಳೆ ಅವಳಿ ಶಿಶುಗಳೊಂದಿಗೆ ಮೃತಪಟ್ಟರು. ಸಿಬ್ಬಂದಿಯ ಮೇಲೆ ಅಮಾನತಿನ ಕ್ರಮವಾಯಿತು; ತುರ್ತು ಚಿಕಿತ್ಸೆಗೆ ದಾಖಲೆ ಕಡ್ಡಾಯವಲ್ಲವೆಂದು ಸರ್ಕಾರ ಸ್ಪಷ್ಟಪಡಿಸಿತು. ಆ ತಿಂಗಳು ಯಾವುದೇ ಆಸ್ಪತ್ರೆಯ ಬಿಡುಗಡೆ ನಮೂನೆಗಳನ್ನು ಕೂಡಿಸಿದರೂ ಈ ತಾಯಿಯ ಉತ್ತರ ಅದರಲ್ಲಿ ಸಿಗುವುದಿಲ್ಲ. ಅತಿ ಹೆಚ್ಚು ಅನ್ಯಾಯಕ್ಕೆ ಒಳಗಾದವರೇ ಲೆಕ್ಕದಿಂದ ಹೊರಗುಳಿದರೆ ಉಳಿದವರ ಶೇಕಡಾವಾರು ತಾನಾಗಿ ಮೇಲೇರುತ್ತದೆ.

ಊರು ಬದಲಿಸುವ ತಾಯಂದಿರೂ ಹೀಗೆಯೇ ಕೈತಪ್ಪುತ್ತಾರೆ. ಬೆಂಗಳೂರು ದಕ್ಷಿಣ ಭಾಗದ ಹೊಸಕೆರೆಹಳ್ಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹೆಸರಿನಲ್ಲಿ ಕೆರೆಯೂ ಹಳ್ಳಿಯೂ ಉಳಿದಿದ್ದರೂ ಬನಶಂಕರಿ 3ನೇ ಹಂತಕ್ಕೆ ಹೊಂದಿಕೊಂಡಿರುವ ಆ ಊರು ನಗರದೊಳಗೆ ಸೇರಿ ಬಹುಕಾಲವಾಗಿದೆ. ದುಡಿಮೆಗಾಗಿ ಬೇರೆ ಬೇರೆ ಜಿಲ್ಲೆಗಳ ಹಳ್ಳಿಗಳಿಂದ ಬಂದ ಕುಟುಂಬಗಳು ಇಂತಹ ಬಡಾವಣೆಗಳ ಬಾಡಿಗೆ ಮನೆಗಳಲ್ಲಿ ನೆಲೆಸುತ್ತವೆ. ಅಲ್ಲಿಯ ಹೆಣ್ಣುಮಗಳೊಬ್ಬಳು ಮೊದಲ ಸಲ ಗರ್ಭಿಣಿಯಾದಾಗ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಂದಾಯಿಸಿಕೊಳ್ಳುತ್ತಾಳೆ. ಸೀಮಂತ ಮುಗಿಸಿ ತವರಿಗೆ ಹೋಗುತ್ತಾಳೆ. ಹೆರಿಗೆ ತವರಿನ ತಾಲ್ಲೂಕು ಆಸ್ಪತ್ರೆಯಲ್ಲಿ. ಬಾಣಂತನ ತಾಯಿಯ ಮನೆಯಲ್ಲಿ. ಮೂರು ಅಥವಾ ಐದು ತಿಂಗಳ ಮಗುವಿನೊಂದಿಗೆ ಅವಳು ನಗರಕ್ಕೆ ಮರಳುತ್ತಾಳೆ. ನಗರದ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ "ತವರಿಗೆ ಹೋಗಿದ್ದಾರೆ" ಎಂಬ ಒಂದು ಸಾಲು ಉಳಿಯುತ್ತದೆ. ತವರಿನ ಹಳ್ಳಿಯಲ್ಲಿ ಅವಳು ಮದುವೆಯಾಗಿ ಹೋದ ಮಗಳು, ಬಂದುಹೋಗುವ ನೆಂಟಳು. ಎರಡು ಪಟ್ಟಿಗಳ ನಡುವೆ ಅವಳ ಅನುಭವವನ್ನು ಕೇಳುವವರೇ ಇಲ್ಲವಾಗುತ್ತಾರೆ.

ಇದರ ವಿರುದ್ಧ ದಿಕ್ಕಿನ ಪ್ರಯಾಣವೂ ಉಂಟು. ಕನಕಪುರ ರಸ್ತೆಯ ಕಗ್ಗಲೀಪುರ, ಸೋಮನಹಳ್ಳಿಯಂತಹ ಗ್ರಾಮ ಪಂಚಾಯಿತಿಗಳ ಗರ್ಭಿಣಿಯರಿಗೆ ತೊಡಕು ಕಾಣಿಸಿಕೊಂಡಾಗ ಜಯನಗರ ಸಾರ್ವಜನಿಕ ಆಸ್ಪತ್ರೆ ಅಥವಾ ವಾಣಿವಿಲಾಸ ಆಸ್ಪತ್ರೆಯ ಹಾದಿ ಹಿಡಿಯಬೇಕಾಗಬಹುದು. ಊರಿನ ಆರೋಗ್ಯ ಕೇಂದ್ರದ ದಾಖಲೆಯಲ್ಲಿ ಅವರು "ಮೇಲಿನ ಆಸ್ಪತ್ರೆಗೆ ಕಳುಹಿಸಲಾಗಿದೆ" ಎಂಬಲ್ಲಿಗೆ ಮುಗಿಯುತ್ತಾರೆ.

ಆದ್ದರಿಂದ ಮೊದಲ ನಿಯಮ ಇದು: ಪಟ್ಟಿ ಆಸ್ಪತ್ರೆಯಿಂದ ಆರಂಭವಾಗಬಾರದು, ಊರಿನಿಂದ ಆರಂಭವಾಗಬೇಕು. ಕಳೆದ ಆರು ತಿಂಗಳಲ್ಲಿ ಪಂಚಾಯಿತಿ ವ್ಯಾಪ್ತಿಯಲ್ಲಿ ಗರ್ಭಾವಸ್ಥೆ ಮುಗಿದ ಪ್ರತಿಯೊಬ್ಬ ತಾಯಿಯೂ, ಅವಳು ಸೊಸೆಯಾಗಿರಲಿ, ತವರಿಗೆ ಬಂದ ಮಗಳಾಗಿರಲಿ, ಇಟ್ಟಿಗೆ ಗೂಡಿನ ಅಥವಾ ಕಟ್ಟಡ ಕೆಲಸದ ವಲಸೆ ಕುಟುಂಬದವಳಾಗಿರಲಿ, ಹೆರಿಗೆ ಎಲ್ಲಿಯೇ ಆಗಿರಲಿ, ಮಗು ಉಳಿದಿರಲಿ ಇಲ್ಲದಿರಲಿ, ಪಟ್ಟಿಯಲ್ಲಿ ಇರಬೇಕು. ತಾಯಿ ಕಾರ್ಡಿನ ಸಂಖ್ಯೆಯಿಂದ ಎರಡು ಊರುಗಳ ಪಟ್ಟಿಗಳನ್ನು ತಾಳೆ ನೋಡಬಹುದು. ಕಾರ್ಡೇ ಇಲ್ಲದವರನ್ನು ಅಂಗನವಾಡಿ ಕಾರ್ಯಕರ್ತೆ ಹಾಗೂ ಸ್ವಸಹಾಯ ಸಂಘದ ಸದಸ್ಯೆಯರ ನೆರವಿನಿಂದ ಗುರುತಿಸಬೇಕು.

5. ಏನನ್ನು ಕೇಳಬೇಕು

ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ತಾಯಿ ಮತ್ತು ನವಜಾತ ಶಿಶುವಿನ ಆರೈಕೆಗೆ 8 ಮಾನದಂಡಗಳನ್ನು ಪ್ರಕಟಿಸಿತು. ಅವುಗಳಲ್ಲಿ ಮೂರು ತಾಯಿಯ ಅನುಭವಕ್ಕೆ ಸಂಬಂಧಿಸಿದವು: ಅರ್ಥವಾಗುವಂತೆ ತಿಳಿಸಿ ಹೇಳುವುದು, ಮಾನ ಮತ್ತು ಗೌರವವನ್ನು ಕಾಪಾಡುವುದು, ಮನಸ್ಸಿಗೆ ಆಸರೆ ನೀಡುವುದು. ತಾಯಿಯನ್ನು ಕೇಂದ್ರದಲ್ಲಿಟ್ಟ ಆರೈಕೆಯನ್ನು ಅಳೆಯಲು ಕೆನ್ಯಾದಲ್ಲಿ ರೂಪಿಸಿ, ಆನಂತರ ಉತ್ತರ ಪ್ರದೇಶದಲ್ಲಿಯೂ ಪರೀಕ್ಷಿಸಿದ ಪ್ರಶ್ನಾವಳಿಯೂ ಇವೇ ಸಂಗತಿಗಳನ್ನು ಒಂದೊಂದಾಗಿ ಕೇಳುತ್ತದೆ. ಇಂತಹ ಅಳತೆಗಳ ಸಾಮಾನ್ಯ ತತ್ವ ಸರಳವಾದುದು: ಅಭಿಪ್ರಾಯಕ್ಕಿಂತ ಮೊದಲು ಘಟನೆಯನ್ನು ಕೇಳಬೇಕು.

ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಕೆಳಗಿನ 12 ಪ್ರಶ್ನೆಗಳು ಸಾಕಾಗುತ್ತವೆ.

(1) ಆಸ್ಪತ್ರೆಗೆ ಹೋದ ಮೇಲೆ ಮೊದಲ ಬಾರಿ ಪರೀಕ್ಷಿಸುವವರೆಗೆ ಎಷ್ಟು ಹೊತ್ತು ಕಾಯಬೇಕಾಯಿತು?
(2) ದಾಖಲೆ ಇಲ್ಲವೆಂದಾಗಲಿ, ಬೇರೆ ಕಾರಣಕ್ಕಾಗಲಿ ಯಾವುದಾದರೂ ಆಸ್ಪತ್ರೆಯಿಂದ ಮರಳಿ ಕಳುಹಿಸಿದರೇ?
(3) ಬೇರೆ ಆಸ್ಪತ್ರೆಗೆ ಕಳುಹಿಸಿದ್ದರೆ ಕಾರಣವನ್ನು ತಿಳಿಸಿ ವಾಹನ ಒದಗಿಸಿದರೇ?
(4) ನೋವಿನ ಸಮಯದಲ್ಲಿ ತಮಗೆ ಬೇಕಾದ ಒಬ್ಬ ಹೆಂಗಸು ಜೊತೆಯಲ್ಲಿರಲು ಬಿಟ್ಟರೇ?
(5) ಪರೀಕ್ಷೆ ಮಾಡುವ ಮೊದಲು, ಚುಚ್ಚುಮದ್ದು ಕೊಡುವ ಅಥವಾ ಕೊಯ್ಯುವ ಮೊದಲು ಏನು, ಏಕೆ ಎಂದು ಹೇಳಿ ಒಪ್ಪಿಗೆ ಕೇಳಿದರೇ?
(6) ಪರೀಕ್ಷೆ ಮತ್ತು ಹೆರಿಗೆಯ ವೇಳೆ ಪರದೆ ಇತ್ತೇ? ಸಂಬಂಧವಿಲ್ಲದವರು ಓಡಾಡುತ್ತಿದ್ದರೇ?
(7) ಯಾರಾದರೂ ಗದರಿದರೇ, ಹೀಯಾಳಿಸಿದರೇ, ಹೊಡೆದರೇ?
(8) ಜಾತಿ, ಧರ್ಮ, ಭಾಷೆ, ಬಡತನ ಅಥವಾ ಮಕ್ಕಳ ಸಂಖ್ಯೆಯ ಬಗ್ಗೆ ಮನಸ್ಸಿಗೆ ನೋವಾಗುವ ಮಾತು ಬಂತೇ?
(9) ಕರೆದಾಗ ಯಾರಾದರೂ ಬಂದರೇ? ಒಂಟಿಯಾಗಿ ಬಿಟ್ಟ ಹೊತ್ತು ಇತ್ತೇ?
(10) ಯಾವುದಕ್ಕಾದರೂ ಹಣ ಕೊಡಬೇಕಾಯಿತೇ? ಎಷ್ಟು, ಯಾವ ಕೆಲಸಕ್ಕೆ?
(11) ಹಾಸಿಗೆ, ಕುಡಿಯುವ ನೀರು, ಶೌಚಾಲಯ, ಊಟ, ಮನೆಗೆ ಮರಳಲು ವಾಹನ ಸಿಕ್ಕವೇ?
(12) ಮುಂದಿನ ಹೆರಿಗೆಗೆ ಅಥವಾ ತಂಗಿಯ ಹೆರಿಗೆಗೆ ಅದೇ ಆಸ್ಪತ್ರೆಯನ್ನು ಆರಿಸುವಿರಾ? ಏಕೆ?

ನಾಲ್ಕನೆಯ ಪ್ರಶ್ನೆ ಸೌಜನ್ಯದ ಮಾತಲ್ಲ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗಾರ್ತಿಗೆ ಅವಕಾಶ ನೀಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿಯೇ ತಿಳಿಸಿದೆ. ಹತ್ತನೆಯ ಮತ್ತು ಹನ್ನೊಂದನೆಯ ಪ್ರಶ್ನೆಗಳು ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಹಕ್ಕುಗಳಿಗೆ ಸೇರಿದವು. "ತೃಪ್ತಿಯಾಯಿತೇ?" ಎಂಬ ಪ್ರಶ್ನೆಯ ಸ್ಥಾನದಲ್ಲಿ ಹನ್ನೆರಡನೆಯ ಪ್ರಶ್ನೆ ಇದೆ. ತನಗಾದದ್ದನ್ನು ಸಹಿಸಿಕೊಂಡ ಹೆಣ್ಣುಮಗಳು ತಂಗಿಯ ವಿಷಯ ಬಂದಾಗ ನಿಜವಾದ ಅಭಿಪ್ರಾಯ ಹೇಳುವ ಸಾಧ್ಯತೆ ಹೆಚ್ಚು. ಅದನ್ನು ಕೊನೆಯಲ್ಲಿ ಕೇಳುವುದರಿಂದ ಹಿಂದಿನ ಉತ್ತರಗಳಿಗೆ ಅದರ ಬಣ್ಣ ಹತ್ತುವುದಿಲ್ಲ.

6. ಯಾರು, ಎಲ್ಲಿ, ಯಾವಾಗ ಕೇಳಬೇಕು

ಹೆರಿಗೆಯಾದ ಎರಡರಿಂದ ಆರು ವಾರಗಳ ನಡುವಿನ ಅವಧಿ ಸೂಕ್ತ. ಆ ವೇಳೆಗೆ ಮೊದಲ ನೆಮ್ಮದಿಯ ಭರ ಇಳಿದಿರುತ್ತದೆ. ನೆನಪು ಇನ್ನೂ ಮಾಸಿರುವುದಿಲ್ಲ. ನವಜಾತ ಶಿಶುವಿನ ಆರೈಕೆಗಾಗಿ ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ನಿಗದಿತ ದಿನಗಳಲ್ಲಿ ಮನೆಗೆ ಭೇಟಿ ನೀಡುವುದರಿಂದ ತಾಯಿ ಎಲ್ಲಿದ್ದಾಳೆಂಬುದು ತಿಳಿದಿರುತ್ತದೆ. ಆದರೆ ಪ್ರಶ್ನೆಗಳನ್ನು ಆಶಾ ಕಾರ್ಯಕರ್ತೆಯೇ ಕೇಳುವುದು ಸರಿಯಲ್ಲ. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದವಳು ಅವಳೇ. ಆಸ್ಪತ್ರೆಯ ಸಿಬ್ಬಂದಿಯೊಂದಿಗೆ ನಿತ್ಯ ಕೆಲಸ ಮಾಡಬೇಕಾದವಳೂ ಅವಳೇ. ದೂರು ಹೇಳಿದರೆ ಅವಳಿಗೆ ತೊಂದರೆಯಾದೀತೆಂದು ತಾಯಿ ಸುಮ್ಮನಾಗಬಹುದು. ಆರೋಗ್ಯ ಇಲಾಖೆಗೆ ಸೇರದ, ಓದು ಬರಹ ಬಲ್ಲ, ಗುಟ್ಟು ಕಾಪಾಡುವ ಸ್ವಸಹಾಯ ಸಂಘದ ಸದಸ್ಯೆಯೊಬ್ಬರಿಗೆ ತರಬೇತಿ ನೀಡಿ ಈ ಕೆಲಸ ವಹಿಸುವುದು ಉತ್ತಮ. ಪಂಚಾಯಿತಿ ಸದಸ್ಯರು ತಾವೇ ಕೇಳಲು ಹೋಗಬಾರದು. ಚುನಾಯಿತರ ಮುಂದೆಯೂ ಜನ ಅಳೆದು ಮಾತನಾಡುತ್ತಾರೆ.

ಬಾಣಂತಿಯ ಕೋಣೆಯಲ್ಲಿ ಏಕಾಂತ ಸುಲಭವಾಗಿ ಸಿಗುವುದಿಲ್ಲ. ತಾಯಿ, ಅತ್ತೆ, ಅಜ್ಜಿ, ಬಂದುಹೋಗುವ ನೆಂಟರು ಇದ್ದೇ ಇರುತ್ತಾರೆ. ಅವರೊಂದಿಗೆ ಮೊದಲು ಮಾತನಾಡಿ, ಮಗುವಿಗೆ ನೀರೆರೆಯುವ ಹೊತ್ತು ಅಥವಾ ಮನೆಯವರು ಕೆಲಸಕ್ಕೆ ಹೋಗಿರುವ ಹೊತ್ತನ್ನು ತಾಯಿಯೇ ಗೊತ್ತುಮಾಡುವಂತೆ ಬಿಡಬೇಕು. ಮಾತು ಆರಂಭಿಸುವ ಮೊದಲು ಮೂರು ಸಂಗತಿಗಳನ್ನು ಸ್ಪಷ್ಟವಾಗಿ ಹೇಳಬೇಕು: ಉತ್ತರಿಸುವುದು ಕಡ್ಡಾಯವಲ್ಲ, ಹೆಸರು ಬರೆದುಕೊಳ್ಳುವುದಿಲ್ಲ, ಉತ್ತರ ಏನೇ ಆಗಿದ್ದರೂ ಯಾವ ಸೌಲಭ್ಯವೂ ನಿಲ್ಲುವುದಿಲ್ಲ.

ಮಗುವನ್ನು ಕಳೆದುಕೊಂಡ ತಾಯಿಯ ಮನೆಗೆ ಕಾಗದ ಹಿಡಿದು ಹೋಗುವುದು ತರವಲ್ಲ. ಮೊದಲ ಭೇಟಿ ಸಾಂತ್ವನಕ್ಕೆ ಮೀಸಲಾಗಿರಬೇಕು. ಅವಳಿಗೆ ಹೇಳಬೇಕೆನಿಸಿದಾಗ, ಅವಳು ಹೇಳಿದಷ್ಟನ್ನು ಮಾತ್ರ ಕೇಳಿಸಿಕೊಳ್ಳಬೇಕು. ಅವಳನ್ನು ಪಟ್ಟಿಯಿಂದ ಕೈಬಿಡಲು ಮಾತ್ರ ಈ ಸಂಕೋಚ ನೆಪವಾಗಬಾರದು.

7. ಲೆಕ್ಕ ಹಾಕುವ ಬಗೆ

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡಬಹುದು. ಒಂದು ಪಂಚಾಯಿತಿಯ ಪಟ್ಟಿಯಲ್ಲಿ ಆರು ತಿಂಗಳಿಗೆ 40 ತಾಯಂದಿರಿದ್ದಾರೆ. ಅವರಲ್ಲಿ 30 ಮಂದಿ ಮಾತಿಗೆ ಸಿಕ್ಕಿದರು. ಆ 30ರಲ್ಲಿ 27 ಮಂದಿ ಅದೇ ಆಸ್ಪತ್ರೆಯನ್ನು ಮತ್ತೆ ಆರಿಸುವುದಾಗಿ ಹೇಳಿದರು. ಇದನ್ನು "ಶೇ. 90 ತೃಪ್ತಿ" ಎಂದು ಬರೆದು ಮುಗಿಸಬಹುದು. ಆದರೆ ಮಾತಿಗೆ ಸಿಗದ 10 ಮಂದಿಯೂ ಅತೃಪ್ತರಾಗಿದ್ದರೆ ನಿಜವಾದ ಪ್ರಮಾಣ 40ಕ್ಕೆ 27, ಅಂದರೆ ಶೇ. 67.5. ಅವರೆಲ್ಲರೂ ತೃಪ್ತರಾಗಿದ್ದರೆ 40ಕ್ಕೆ 37, ಅಂದರೆ ಶೇ. 92.5. ಸತ್ಯ ಇವೆರಡರ ನಡುವೆ ಎಲ್ಲೋ ಇದೆ. ಸಿಗದವರು ಯಾರು ಎಂಬುದನ್ನು ಬರೆಯದ ವರದಿ ಅಪೂರ್ಣ.

ಇನ್ನು ಅದೇ 30 ಮಂದಿಯಲ್ಲಿ 12 ಮಂದಿಗೆ ಜೊತೆಗಾರ್ತಿಯನ್ನು ಬಿಡಲಿಲ್ಲ, 9 ಮಂದಿ ಹಣ ಕೊಟ್ಟಿದ್ದಾರೆ ಎಂದಿಟ್ಟುಕೊಂಡರೆ, ಕೆಲಸಕ್ಕೆ ಬರುವ ಮಾಹಿತಿ ಇಲ್ಲಿದೆ. ಶೇ. 90 ಎಂಬ ಅಂಕಿಯಿಂದ ಮುಂದಿನ ಹೆಜ್ಜೆ ಏನೆಂದು ತಿಳಿಯುವುದಿಲ್ಲ. 12 ಮತ್ತು 9 ಎಂಬ ಅಂಕಿಗಳಿಂದ ತಿಳಿಯುತ್ತದೆ.

ಚಿಕ್ಕ ಸಂಖ್ಯೆಗಳ ಬಗ್ಗೆ ಎಚ್ಚರ ಬೇಕು. ಮುಂದಿನ ಆರು ತಿಂಗಳಲ್ಲಿ 31ರಲ್ಲಿ 26 ಮಂದಿ ಅದೇ ಉತ್ತರ ಕೊಟ್ಟರೆ ಅದು ಸುಮಾರು ಶೇ. 84. "ಶೇ. 6 ಕುಸಿತ" ಎಂದು ಗಾಬರಿಯಾಗಬೇಕಿಲ್ಲ, ಒಂದಿಬ್ಬರ ಉತ್ತರ ಬದಲಾದರೂ ಇಷ್ಟು ವ್ಯತ್ಯಾಸ ಆಗುತ್ತದೆ. ಆದ್ದರಿಂದ ಪಂಚಾಯಿತಿ ಮಟ್ಟದ ವರದಿಯಲ್ಲಿ ಶೇಕಡಾವಾರಿಗಿಂತ "ಇಷ್ಟರಲ್ಲಿ ಇಷ್ಟು" ಎಂದು ಬರೆಯುವುದೇ ಪ್ರಾಮಾಣಿಕ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ವಲಸೆ ಕುಟುಂಬಗಳ ತಾಯಂದಿರ ಉತ್ತರಗಳನ್ನು ಪ್ರತ್ಯೇಕವಾಗಿ ಗಮನಿಸಬೇಕು. ಆದರೆ ಒಂದು ಗುಂಪಿನಲ್ಲಿ ಇಬ್ಬರೋ ಮೂವರೋ ಇದ್ದಾಗ ಅದನ್ನು ಬಹಿರಂಗ ಸಭೆಯಲ್ಲಿ ಓದಿದರೆ ಯಾರ ಮಾತೆಂದು ಊರಿಗೆಲ್ಲ ತಿಳಿದುಹೋಗುತ್ತದೆ. ಒಬ್ಬಳ ಹೆಸರು ಹೊರಬಿದ್ದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಸಂಖ್ಯೆ ಒಂದೇ ಆದರೂ ಗಂಭೀರವಾದ ಘಟನೆಗಳಿವೆ. ಹೊಡೆತ, ದಾಖಲಿಸಿಕೊಳ್ಳಲು ನಿರಾಕರಣೆ, ಹಣಕ್ಕಾಗಿ ಮಗುವನ್ನು ತೋರಿಸದಿರುವುದು ಇಂತಹವು ಸರಾಸರಿಯಲ್ಲಿ ಕರಗಬಾರದು. ತಾಯಿಯ ಒಪ್ಪಿಗೆ ಪಡೆದು ಅವನ್ನು ಕೂಡಲೇ ತಾಲ್ಲೂಕು ಆರೋಗ್ಯಾಧಿಕಾರಿಗಳ ಗಮನಕ್ಕೆ ತರಬೇಕು. 104 ಆರೋಗ್ಯ ಸಹಾಯವಾಣಿಯಲ್ಲಿಯೂ ದೂರು ದಾಖಲಿಸಬಹುದು.

8. ಉತ್ತರ ಸಿಕ್ಕ ಮೇಲೆ

ಕೇಳಿ ಸುಮ್ಮನಾಗುವುದು ಕೇಳದಿರುವುದಕ್ಕಿಂತ ಕೆಟ್ಟದ್ದು. ವರದಿಯನ್ನು ಮೊದಲು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ, ಬಳಿಕ ಪಂಚಾಯಿತಿಯ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಚರ್ಚಿಸಬೇಕು. ಆಸ್ಪತ್ರೆಗೆ ಸಂಬಂಧಿಸಿದ ಅಂಶಗಳನ್ನು ಆರೋಗ್ಯ ರಕ್ಷಾ ಸಮಿತಿಯ ಮುಂದಿಡಬೇಕು. ಹೆಸರುಗಳಿಲ್ಲದ ಸಾರಾಂಶವನ್ನು ಮಹಿಳಾ ಗ್ರಾಮ ಸಭೆಯಲ್ಲಿ ಓದಿ, ಏನು ಬದಲಾಯಿತು ಎಂಬುದನ್ನು ಮುಂದಿನ ಸಭೆಯಲ್ಲಿ ತಿಳಿಸಬೇಕು.

ಶುಶ್ರೂಷಾಧಿಕಾರಿಗಳನ್ನು ಕಟಕಟೆಗೆ ನಿಲ್ಲಿಸುವುದು ಈ ಅಳತೆಯ ಉದ್ದೇಶವಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರೇ ಹಲವು ತಾಯಂದಿರನ್ನು ನೋಡಿಕೊಳ್ಳಬೇಕಾದಾಗ ಮಾತು ಒರಟಾಗುವುದುಂಟು. ಅದರಿಂದ ಒರಟು ಮಾತು ಸರಿಯಾಗುವುದಿಲ್ಲ. ಆದರೆ ಪರಿಹಾರ ನೋಟಿಸಿನಲ್ಲಿಯೇ ಇದೆಯೆಂದೂ ಹೇಳಲಾಗದು. ಖಾಲಿ ಹುದ್ದೆ ತುಂಬುವಂತೆ ಒತ್ತಾಯಿಸುವುದು ಪಂಚಾಯಿತಿಯ ಕೆಲಸ. ಪರದೆ, ಜೊತೆಗಾರ್ತಿ ಕೂರಲು ಒಂದು ಬೆಂಚು, ಬಿಸಿನೀರು, ಬಾಗಿಲು ಭದ್ರವಾಗಿರುವ ಶೌಚಾಲಯ, "ಇಲ್ಲಿ ಹಣ ಕೊಡಬೇಕಿಲ್ಲ" ಎಂಬ ಫಲಕ ಇವು ದೊಡ್ಡ ಅನುದಾನ ಬೇಡುವ ಕೆಲಸಗಳಲ್ಲ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ "ಆರೋಗ್ಯಕರ ಗ್ರಾಮ" ಹಾಗೂ "ಮಹಿಳಾ ಸ್ನೇಹಿ ಗ್ರಾಮ" ಎಂಬ ಎರಡೂ ವಿಷಯಗಳ ಅಡಿಯಲ್ಲಿ ಇಂತಹ ಬೇಡಿಕೆಗಳನ್ನು ಸೇರಿಸಲು ಅವಕಾಶವಿದೆ.

ಇದರ ಜೊತೆಗೆ ಗರ್ಭಿಣಿಯರಿಗೆ ತಮ್ಮ ಹಕ್ಕುಗಳು ಮುಂಚಿತವಾಗಿ ತಿಳಿದಿರಬೇಕು. ಯಾವುದು ಉಚಿತ, ಯಾರು ಜೊತೆಗಿರಬಹುದು, ದಾಖಲೆ ಇಲ್ಲದಿದ್ದರೂ ಚಿಕಿತ್ಸೆ ಸಿಗಬೇಕು ಎಂಬ ಮೂರು ಮಾತುಗಳನ್ನು ಅಂಗನವಾಡಿಯ ತಾಯಂದಿರ ಸಭೆಯಲ್ಲಿ ಪ್ರತಿ ತಿಂಗಳು ಹೇಳಿದರೆ, ಮುಂದಿನ ಸಮೀಕ್ಷೆಯಲ್ಲಿ ಬರುವ ಉತ್ತರಗಳು ಹೆಚ್ಚು ನಿಖರವಾಗುತ್ತವೆ. ಆಗ ತೃಪ್ತಿಯ ಅಂಕಿ ಇಳಿದರೂ ಸದಸ್ಯರು ಅದನ್ನು ಸೋಲೆಂದು ಭಾವಿಸಬೇಕಿಲ್ಲ. ತಾಯಂದಿರು ತಮಗೆ ಸಲ್ಲಬೇಕಾದ್ದನ್ನು ಕೇಳಲು ಆರಂಭಿಸಿದ್ದಾರೆಂದು ತಿಳಿಯಬೇಕು.

ಚರ್ಚೆಗಾಗಿ ಪ್ರಶ್ನೆಗಳು

1. ಕಳೆದ ಆರು ತಿಂಗಳಲ್ಲಿ ತಮ್ಮ ವಾರ್ಡಿನಲ್ಲಿ ಹೆರಿಗೆಯಾದ ತಾಯಂದಿರು ಎಷ್ಟು? ತವರಿಗೆ ಬಂದವರು, ತವರಿಗೆ ಹೋದವರು, ವಲಸೆ ಕುಟುಂಬದವರು ಆ ಎಣಿಕೆಯಲ್ಲಿ ಸೇರಿದ್ದಾರೆಯೇ?
2. ಅವರಲ್ಲಿ ಎಷ್ಟು ಮಂದಿಯನ್ನು ಆಸ್ಪತ್ರೆಯ ಹೊರಗೆ, ಏಕಾಂತದಲ್ಲಿ, ಇಲಾಖೆಗೆ ಸೇರದ ಹೆಂಗಸೊಬ್ಬರು ಮಾತನಾಡಿಸಿದ್ದಾರೆ?
3. ತಮ್ಮ ವ್ಯಾಪ್ತಿಯ ಹೆರಿಗೆ ಕೇಂದ್ರದಲ್ಲಿ ಜೊತೆಗಾರ್ತಿಗೆ ಅವಕಾಶವಿದೆಯೇ? ಇಲ್ಲದಿದ್ದರೆ ಅಡ್ಡಿಯಾಗಿರುವುದು ಜಾಗವೋ, ಪರದೆಯೋ, ರೂಢಿಯೋ?
4. ತಾಯಿ ಕಾರ್ಡ್ ಇಲ್ಲದ ಗರ್ಭಿಣಿಯೊಬ್ಬಳು ಇಂದು ರಾತ್ರಿ ನೋವಿನಿಂದ ಬಂದರೆ ಅವಳೊಂದಿಗೆ ಆಸ್ಪತ್ರೆಯವರೆಗೆ ಹೋಗುವವರು ಯಾರು ಎಂಬುದು ಗೊತ್ತಾಗಿದೆಯೇ?